ಆಕೆಯ ಒಪ್ಪತ್ತು

ಬಾಗಿಲಿಗೆ ಬಂದವರಿಗೆ ಒಂದು ಹಿಡಿ ಜೋಳ ನೀಡಲೆಂದು ಡಬ್ಬಿಯ ಮುಚ್ಚಳ ತೆಗೆದೆ. ಒಣಗಿದ ಬೇವಿನ ಎಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಬಬಲೇಶ್ವರಕ್ಕೆ ಕೊಟ್ಟ ಮಗಳು ಮೊನ್ನೆ ಬಂದು ಇಲ್ಲೇ ಉಳಿದವಳು, ಹುಳ ಬೀಳದಿರಲೆಂದು ಜೋಳದಲ್ಲಿ ಬೇವು ಹಾಕಿದ್ದಳು. ಅವಳ ತಾಯಿಯೂ ಹೀಗೇ ಹಾಕುತ್ತಿದ್ದಳು... ನನ್ನ ಹೆಂಡತಿ ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಅಷ್ಟು ವಾಸನೆಗೇ ಆಕೆ ಒಳಗೆ ಒಲೆಯ ಮುಂದೆ ಇದ್ದಾಳೆ ಅನ್ನಿಸಿ ಕೈ ಅಲ್ಲೇ ನಿಂತಿತು.

ನನ್ನದು ಮನೆಗಳಿಗೆ ಸುಣ್ಣ-ಬಣ್ಣ ಹಚ್ಚುವ ಕೆಲಸ. ಇಬ್ರಾಹಿಂಪುರದಲ್ಲಿ ರೈಲ್ವೆ ಹಳಿಯ ಬದಿಗೆ ಸಣ್ಣ ಮನೆ. ದೀಪಾವಳಿ ಹತ್ತಿರ ಬಂದರೆ ವಿಜಯಪುರದ ಓಣಿಗಳಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮಳೆ ಹಿಡಿಯಿತೆಂದರೆ ಬ್ರಷ್ಷು ಮೂಲೆಗೆ. ದುಡ್ಡು ಬಂದ ದಿನ ನನ್ನದು ದೊಡ್ಡ ದರ್ಬಾರು. ತಿಕೋಟಾದಲ್ಲಿ ಒಂದು ದೊಡ್ಡ ಮನೆಗೆ ಬಣ್ಣ ಹಚ್ಚಿ ಬಂದ ವರ್ಷ ಹಳೇ ಮೋಟಾರ್‌ಸೈಕಲ್ ಒಂದನ್ನು ನೋಡಿಟ್ಟಿದ್ದೆ. ಆಕೆ ಬೇಡ ಅನ್ನಲಿಲ್ಲ. ದುಡ್ಡನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿ, "ಮಲ್ಲಯ್ಯನ ಮುಂದ ಒಂದ್ ರಾತ್ರಿ ಇರ್ಲಿ ತಗೋರಿ" ಅಂದಳು. ಮರುದಿನ ತವರೂರು ನಿಡೋಣಿಗೆ ಹೋಗಿ ಅದರಲ್ಲೇ ವರ್ಷದ ಜೋಳ ತಂದಳು. ದೇವರ ಮುಂದಿಟ್ಟ ದುಡ್ಡಿನಲ್ಲಿ ಮೋಟಾರ್‌ಸೈಕಲ್ ಕೇಳುವ ಧೈರ್ಯ ನನಗಿರಲಿಲ್ಲ.

ಮಳೆಗಾಲ ಬಂತೆಂದರೆ ಆಕೆಯ ವ್ರತಗಳೂ ಬರುತ್ತಿದ್ದವು. ಸೋಮವಾರ ಮಲ್ಲಯ್ಯನ ಒಪ್ಪತ್ತು. ಹಗಲೆಲ್ಲ ಉಪವಾಸ, ಸಂಜೆ ಒಂದೇ ಊಟ. ಶನಿವಾರ ಎಣ್ಣೆ ತರಬಾರದು. ಹಾಲು ಕಡಿಮೆ ಬಿದ್ದರೆ ಅದು ದೇವರ ಮೀಸಲು. ಮಗಳಿಗೆ ಇದೆಲ್ಲ ಭಕ್ತಿಯಾಗಿಯೇ ಕಂಡಿತು. 'ಇಲ್ಲ' ಎನ್ನುವ ಮಾತನ್ನು ಅವಳು ನಮ್ಮ ಮನೆಯಲ್ಲಿ ಕೇಳಲೇ ಇಲ್ಲ, 'ಇವತ್ತು ಮಾಡಬಾರದು' ಎಂದಷ್ಟೇ ಕೇಳಿ ಬೆಳೆದಳು. ಒಳಗಿನ ಲೆಕ್ಕ ಗೊತ್ತಿದ್ದವನು ನಾನೊಬ್ಬನೇ.

ಒಮ್ಮೆ ಕಾಡಿಸಲೆಂದು ಕೇಳಿದೆ, "ಇದು ಭಕ್ತಿನೋ, ಉಳಿತಾಯನೋ?"

ರೊಟ್ಟಿ ಬಡಿಯುತ್ತಲೇ ನಕ್ಕಳು. "ಎರಡೂ ರೀ. ಮಲ್ಲಯ್ಯಗ ಸಿಟ್ಟು ಬರೂದಿಲ್ಲ ಬಿಡ್ರಿ. ಅವಗೂ ಹೇಣ್ತಿ ಮಕ್ಕಳು ಅದಾರ, ಮನಿ ನಡಸೂದು ಗೊತ್ತೈತಿ."

ಹಾಗೆಂದು ಆಕೆಯ ಭಕ್ತಿ ಸುಳ್ಳಾಗಿರಲಿಲ್ಲ. ದಿನಾ ರೊಟ್ಟಿಗೆ ಕೂರುವ ಮುಂಚೆ ಬೇಡಿ ಬಂದವರಿಗೆಂದು ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಬೀಳಬೇಕು. ಡಬ್ಬಿಯ ತಳ ಕಂಡ ದಿನವೂ ಆ ಹಿಡಿ ತಪ್ಪಲಿಲ್ಲ. ಹೀಗೆಯೇ ತಗಡಿನ ಮನೆಗೆ ಸ್ಲ್ಯಾಬ್ ಬಿತ್ತು, ಮಗಳ ಓದು, ಮದುವೆ ಎಲ್ಲ ಆಯಿತು. ಒಬ್ಬರ ಮುಂದೆಯೂ ಕೈ ಚಾಚಲಿಲ್ಲ. ಜನ ನನ್ನ ದುಡಿಮೆಯನ್ನು ಹೊಗಳಿದರು. ಮನೆ ನಿಂತದ್ದು ಆಕೆಯಿಂದ. ಆಕೆಯ ಋಣ ದೊಡ್ಡದು... ಎದುರಿಗೆ ಹೇಳಿದ್ದರೆ ಅದಕ್ಕೂ ನಗುತ್ತಿದ್ದಳು.

ಕೊನೆಯ ವರ್ಷ ಸೋಮವಾರದ ಜೊತೆಗೆ ಗುರುವಾರ ಸೇರಿತು, ಆಮೇಲೆ ಮಂಗಳವಾರ. ಆಗ ನನಗೆ ಕೈತುಂಬ ಕೆಲಸವಿತ್ತು, ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಹಾಗಾಗಿ ಇದು ಉಳಿತಾಯವಲ್ಲ, ವಯಸ್ಸಾದಂತೆ ಭಕ್ತಿ ಹೆಚ್ಚಿದೆ ಅಂದುಕೊಂಡೆ. ಬಳೆ ಮೊಣಕೈತನಕ ಜಾರುವಷ್ಟು ಸೊರಗಿದಾಗ, "ದವಾಖಾನಿಗಿ ಹೋಗೂಣು ನಡಿ" ಎಂದೆ.

"ನನಗೇನಾಗೇತ್ರಿ?" ಎಂದು ನಕ್ಕಳು. "ದೇವರ ಹೆಸರ್ಲೆ ಒಂದ್ ಹೊತ್ತು ಬಿಟ್ಟೀನಿ, ಅಷ್ಟ."

ಊಟ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ ಎಂಬುದು ಡಾಕ್ಟರು ಹೇಳಿದ ಮೇಲೆ ತಿಳಿಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಕೂಡಿಟ್ಟದ್ದೆಲ್ಲ ತನ್ನ ಔಷಧಕ್ಕೆ ಹೋದೀತೆಂದು ಹೆದರಿದ್ದಳಂತೆ, ಆಮೇಲೆ ನನಗೊಬ್ಬನಿಗೇ ಹೇಳಿದಳು. ಎಲ್ಲ ವ್ರತಗಳ ಒಳಗುಟ್ಟು ಗೊತ್ತಿದ್ದ ನನ್ನನ್ನೇ ಆ ಒಂದು ವ್ರತದಲ್ಲಿ ನಂಬಿಸಿಬಿಟ್ಟಳು.

ಇವತ್ತು ಸೋಮವಾರ. ಮಧ್ಯಾಹ್ನ ಮಗಳು ರೊಟ್ಟಿ, ಪುಂಡಿಪಲ್ಲೆ ನನಗೊಬ್ಬನಿಗೇ ನೀಡಿದಳು.

"ನಿನಗ?"

"ನಂದು ಒಪ್ಪತ್ತೈತಿ ಅಪ್ಪಾ. ಅವ್ವ ಹೋದಾಗಿಂದ ಹಿಡದೀನಿ. ಆಕಿ ಎಷ್ಟ್ ಭಕ್ತಿಲೆ ಮಾಡ್ತಿದ್ಲು!"

ನಿಜ ಹೇಳಿಬಿಡಬೇಕು ಅನ್ನಿಸಿತು. ಆಕೆ ಅಷ್ಟು ವರ್ಷ ಮುಚ್ಚಿ ಕಾಪಾಡಿದ್ದನ್ನು ತೆರೆಯಲು ನಾನ್ಯಾರು? ಆದರೆ ಮಗಳ ಕೈಯ ಬಳೆಗಳ ಮೇಲೆಯೇ ಕಣ್ಣು ಹೋಯಿತು. ತಟ್ಟೆ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ನಡಿ ಯವ್ವಾ, ದವಾಖಾನಿಗಿ ಹೋಗಿ ಬರೂಣು."

"ನನಗೇನಾಗೇತಿ ಅಪ್ಪಾ?" ಎಂದು ಮಗಳು ನಕ್ಕಳು.

ಅವಳ ಅವ್ವನೂ ಹೀಗೇ ನಕ್ಕಿದ್ದಳು.