ಟೆಂಪೋ ಬಾರದ ಓಣಿ

ಇಂಡಿ ಊರಿನ ನಮ್ಮ ಹಳೆ ಓಣಿಯಲ್ಲಿ ಬೇಸಿಗೆಯ ನಡುಹಗಲು ಬರಿಗಾಲಲ್ಲಿ ಓಡಾಡಿದರೂ ಕಾಲು ಸುಡುತ್ತಿರಲಿಲ್ಲ ಎಂದು ನನ್ನ ನೆನಪು. ನಿಜವಾಗಿ ಸುಡುತ್ತಿರಲಿಲ್ಲವೋ, ಹುಡುಗುತನದ ಅಂಗಾಲೇ ದಪ್ಪವಿತ್ತೋ, ಊರು ಬಿಟ್ಟ ಮೇಲೆ ನಾನೇ ಆ ನೆಲವನ್ನು ತಂಪು ಮಾಡಿಕೊಂಡೆನೋ, ಹೇಳಲಾರೆ. ಯಾವುದನ್ನೂ ಸುಮ್ಮನೆ ನಂಬಬಾರದೆಂದು ವಿಶ್ವವಿದ್ಯಾಲಯ ಕಲಿಸಿತು. ನಾನು ಅದನ್ನು ನನ್ನಿಂದಲೇ ಶುರು ಮಾಡಿದ್ದೇನೆ.

ಈ ನೆನಪಿಗೆ ಕೆಲಸ ಬಿದ್ದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಅಣ್ಣ ಲಿಂಬೆಹಣ್ಣಿನ ವ್ಯಾಪಾರಿ. ಹಳ್ಳಿಗಳಿಂದ ಬಂದ ಹಣ್ಣನ್ನು ಹಳೆ ಮನೆಯ ಮುಂದಿನ ಕೋಣೆಯಲ್ಲಿ ಹರಡಿ ದರ ಏರುವುದನ್ನು ಕಾಯುತ್ತಾನೆ. ಚೀಲಗಳು ಚೌಕದಿಂದ ಹೆಗಲ ಮೇಲೇ ಬರಬೇಕು. ಎಮ್ಮೆ ಎದುರಾದರೂ ಗೋಡೆಗೆ ಆತು ನಿಲ್ಲಬೇಕಾದ ಓಣಿ ಅದು. ಎರಡೂ ಬದಿಯ ಮುಂಗೋಡೆ ಒಡೆದು ದಾರಿ ಅಗಲ ಮಾಡೋಣವೆಂದು ಅಣ್ಣ ಓಣಿಯವರನ್ನೆಲ್ಲ ಒಪ್ಪಿಸಿದ್ದ. ಮನೆಯಲ್ಲಿ ಪಾಲಿದ್ದ ನನ್ನ ಮಾತೊಂದೇ ಬಾಕಿ.

"ಟೆಂಪೋ ಬಾಗಲಿಗೆ ಬರಬೇಕೋ ಬ್ಯಾಡೋ, ಅಷ್ಟ ಹೇಳು," ಎಂದ.

"ಟೆಂಪೋ ಬರ್ತೈತಿ, ಅದರ ಬೆನ್ನ ಹಿಂದ ಬಿಸಲೂ ಬರ್ತೈತಿ," ಎಂದರು ಅವನ ಹೆಂಡತಿ, ನಮ್ಮ ವೈನಿ. "ಆ ಖೋಲಿ ತಂಪ ಇರಲಿಲ್ಲಂದ್ರ ಲಿಂಬಿ ಒಣಗಿ ಗೋಲಿ ಆಗ್ತಾವ."

"ಫ್ಯಾನ್ ಹಚ್ಚೂಣು."

"ಕರೆಂಟ ನಮ್ಮ ತವರಮನಿಯಿಂದ ತರ್ಲೇನ್ರಿ?"

ನನಗೆ ಇಬ್ಬರ ಮೇಲೂ ಗುಮಾನಿ. ಅಣ್ಣನಿಗೆ ಟೆಂಪೋ ನೆಪ, ಕಣ್ಣು ಮುಂದೆಂದೋ ಕೊಳ್ಳುವ ಕಾರಿನ ಮೇಲೆ. ವೈನಿಗೆ ಲಿಂಬೆ ನೆಪ, ಸಂಕಟ ಮುಂಗೋಡೆಯ ಜೊತೆ ಹೋಗುವ ಕಟ್ಟೆಯದು. ಸಂಜೆ ಅಲ್ಲಿ ಕೂಡದಿದ್ದರೆ ಓಣಿಯ ಸುದ್ದಿ ಅವರಿಗೆ ದಕ್ಕುವುದು ಹೇಗೆ?

ಪುಸ್ತಕಗಳೂ ನನ್ನ ಗುಮಾನಿಯಿಂದ ಪಾರಾಗಿಲ್ಲ. ಒತ್ತಾಗಿ ಕಟ್ಟಿದ ಊರಿಗೆ ಇಂಧನ ಕಡಿಮೆ ಸಾಕು, ಗೋಡೆಗೆ ಗೋಡೆ ಹತ್ತಿದರೆ ಬಿಸಿಲಿಗೆ ಸಿಗುವ ಗೋಡೆಯೇ ಕಡಿಮೆ ಎಂದು ಓದಿದ್ದೇನೆ. ಬರೆದವರು ತೋಟದ ಬಂಗಲೆಯಲ್ಲಿ ಕೂತು ಬರೆದಿರಬೇಕು. ಆದರೂ ಸಿಂದಗಿ, ಮುದ್ದೇಬಿಹಾಳಗಳ ಹೊಸ ಬಡಾವಣೆಗಳಲ್ಲಿ ಮನೆಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ನಿಂತು ನಾಲ್ಕೂ ಗೋಡೆ ಕಾಯಿಸಿಕೊಳ್ಳುವುದನ್ನು ಕಂಡಿದ್ದೇನೆ. ಬಸವನ ಬಾಗೇವಾಡಿಯ ಬಡಾವಣೆಯೊಂದರಲ್ಲಿ ಗೆಳೆಯ ಒಂದು ಸೂಡು ಕೊತ್ತಂಬರಿಗೆ ಸ್ಕೂಟರ್ ಹತ್ತಿ ಹೋಗಿಬಂದ. ಬೆವರು ಒರೆಸಿಕೊಂಡು ಕೂತು, "ಇಲ್ಲಿ ಗಾಳಿ ಭಾಳ ಛಲೋ ಬರ್ತೈತಿ ನೋಡು," ಎಂದ. ಗಾಳಿ ತಲೆಯ ಮೇಲಿನ ಫ್ಯಾನಿನದು.

ಹಾಗಾದರೆ ಓಣಿ ಉಳಿಯಲಿ ಎನ್ನಬಹುದಿತ್ತಲ್ಲ? ಎನ್ನಲಾಗಲಿಲ್ಲ. ನಮ್ಮ ಸೀಮೆಯಲ್ಲಿ ಮೇ ತಿಂಗಳ ನಡುಹಗಲು ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಓಣಿ ಎಷ್ಟೇ ಇಕ್ಕಟ್ಟಾಗಿದ್ದರೂ ಆ ಹೊತ್ತಿಗೆ ನೆರಳು ಬೀಳದು. ನೆರಳಿಲ್ಲದ ನೆಲ ತಂಪಿರುವುದು ಹೇಗೆ? ನನ್ನ ನೆನಪು ಸುಳ್ಳಾದರೆ ತಂಪಿನ ವಾದವೇ ಸುಳ್ಳು. ಅದನ್ನು ನಂಬಿ ಬೇಡವೆಂದರೆ ಅಣ್ಣನ ಹೆಗಲಿಗೆ ಚೀಲ ಖಾಯಂ. ಬೇಸಿಗೆಯವರೆಗೆ ತಡೆಯಿರಿ ಎಂದೆ.

"ಸಾಹೇಬರು ಸೂರ್ಯಾನ್ನ ಸಾಕ್ಷಿ ಕರಸ್ತಾರಂತ," ಎಂದು ಅಣ್ಣ ನಕ್ಕ. "ಬೂಟ ಬಿಚ್ಚಿ ನಡದು ನೋಡ್ರಿ, ಗೊತ್ತಾಗ್ತೈತಿ," ಎಂದರು ವೈನಿ.

ಮೇ ತಿಂಗಳಲ್ಲಿ ಹೋದೆ. ಮಟಮಟ ಮಧ್ಯಾಹ್ನ ಚೌಕದಲ್ಲಿ ಚಪ್ಪಲಿ ಬಿಟ್ಟವನು, ಹೆಂಚಿನ ಮೇಲಿನ ಜೋಳದ ಕಾಳಿನಂತೆ ಹಾರುತ್ತ ಓಣಿ ಸೇರಿದೆ. ಅಲ್ಲಿ ಹಾರಾಟ ನಿಂತಿತು. ಕಟ್ಟೆಯ ಮೇಲಿಂದ ಗಂಡಹೆಂಡತಿ ಇಬ್ಬರೂ ನೋಡುತ್ತಿದ್ದರು. ನಾನು ಹೇಳಿದ್ದು ಸರಿಯಿತ್ತು, ಓಣಿಯಲ್ಲಿ ನೆರಳಿರಲಿಲ್ಲ. ಬಿಸಿಲು ಎರಡು ಗೋಡೆಗಳ ನಡುವೆ ನೆಟ್ಟಗೆ ಇಳಿದಿತ್ತು. ಆದರೆ ಅದು ಇಳಿದದ್ದು ಆಗಷ್ಟೇ. ಬೆಳಗಿನಿಂದ ಗೋಡೆಗಳು ತಡೆದಿದ್ದವು, ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ತಡೆಯುತ್ತಿದ್ದವು. ನೆಲಕ್ಕೆ ಕಾಯಲು ಪುರುಸೊತ್ತೇ ಇರಲಿಲ್ಲ. ಇದು ನನ್ನ ಲೆಕ್ಕದಲ್ಲಿ ಬಂದಿರಲೇ ಇಲ್ಲ.

"ಹೇಳಪಾ, ಟೆಂಪೋ ಬರಬೇಕೋ ಬ್ಯಾಡೋ?" ಎಂದ ಅಣ್ಣ.

ಬೇಡವೆಂದೆ. ಅವತ್ತಿನ ಚೀಲಗಳಲ್ಲಿ ಒಂದನ್ನು ಅವನು ನನ್ನ ಹೆಗಲಿಗೇ ಹೊರಿಸಿದ. ಅಣ್ಣನ ಕಾರಿನ ಆಸೆ, ವೈನಿಯ ಕಟ್ಟೆಯ ಮೋಹ, ಇವು ನನ್ನ ಊಹೆಗಳು, ತಪ್ಪಿರಬಹುದು. ಅಂಗಾಲಿನಿಂದ ಪರೀಕ್ಷಿಸಿ ಖಾತ್ರಿ ಮಾಡಿಕೊಂಡದ್ದು ಇಷ್ಟೇ: ಆ ಓಣಿಯಲ್ಲಿ ಕಾಲು ಸುಡುವುದಿಲ್ಲ.