ಸೋಡಿಯಂ ಓಡಿಸುವ ಮೇಡಂ

ಮಲ್ಲಿಗೆ ದಂಡೆಯಿರಲಿ, ಹೊಸ ಚಪ್ಪಲಿಯಿರಲಿ, ಗಿರಿಜಾ ಮೇಡಂ ಬೆಲೆಗಿಂತ ಮೊದಲು ಕೇಳುತ್ತಿದ್ದುದು ಒಂದೇ: “ಇದು ಎಷ್ಟ ಹೊತ್ತ ಬದಕತೈತಿ?” ಜಮಖಂಡಿ ಬಜಾರಿನ ಹೂವಿನ ಮುದುಕಿ ನಗುತ್ತಿದ್ದಳು: “ನಿಮ್ಮ ಪ್ರಶ್ನಿ ಮುಗಿಯೂದ್ರಾಗ ಬಾಡತಾವ್ರಿ, ಲಗೂನ ಮುಡ್ಕೋರಿ!” ಅವರು ಹೀಗೆ ಕೇಳಿದ್ದನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ಹಾಲು, ಟೊಮೆಟೊ, ನನ್ನ ಸೈಕಲ್ಲಿನ ಟಯರು.

ಬಿ.ಎಸ್ಸಿ.ಯಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದವರು ಅವರು. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗೆ ಒಬ್ಬರೇ ಇದ್ದರು. ಬೀಳಗಿ ಕಡೆಯ ಅವರ ಹಳ್ಳಿ ಹಿನ್ನೀರಿನಡಿ ಹೋಗಿತ್ತು. ರಜೆ ಬಂದರೂ ಹೋಗಲು ಊರಿರಲಿಲ್ಲ.

ನಕ್ಷತ್ರ ಸಿಡಿಯುವಾಗ ಹುಟ್ಟುವ ಒಂದು ಬಗೆಯ ಸೋಡಿಯಂನ ಬೆನ್ನು ಹತ್ತಿದ್ದರು. ಅರ್ಧ ನಿಮಿಷದೊಳಗೆ ಅದರಲ್ಲಿ ಅರ್ಧ ಬೇರೆಯೇ ಧಾತುವಾಗಿಬಿಡುತ್ತದೆ. ಅಷ್ಟರೊಳಗೆ ಹೈಡ್ರೋಜನ್ ಅದನ್ನು ಹೇಗೆ ಕೂಡುತ್ತದೆ ಎಂದು ಅವರು ಅಳೆಯಬೇಕಿತ್ತು. ಒಂದು ಸೋಮವಾರ ತರಗತಿಗೆ ಬರ್ಫದ ತುಂಡು ತಂದು ಮೇಜಿನ ಮೇಲಿಟ್ಟರು.

“ಇದ ಸೋಡಿಯಂ ಅನ್ಕೋರಿ. ಇಲ್ಲಿಟ್ಟು ಹೈಡ್ರೋಜನ್ ಬಾಣಾ ಹೊಡ್ಯಾಕ ಸಾವಕಾಶ ಗುರಿ ಹಿಡದ್ರ?”

“ಕರಗತೈತ್ರಿ.”

“ಹಂಗಾರ ಏನ್ ಮಾಡೂದು?”

ಮುಧೋಳದ ಬಸು ಎದ್ದ. “ಕಬ್ಬ ಕಡದ ಕೂಡ್ಲೆ ಫ್ಯಾಕ್ಟರಿಗೆ ಓಡಸ್ತೀವಲ್ರಿ, ಹಂಗ ಓಡಸ್ರಿ. ತಡಾ ಆದ್ರ ರಸ ಹೋತು.”

“ಶಾಬಾಸ್ ಲೇ! ಹುಟ್ಟಿದ ಕೂಡ್ಲೆ ಸೋಡಿಯಂ ಓಡಸೂದು, ಎದುರಿಗೆ ಹೈಡ್ರೋಜನ್ ಇಡೂದು. ಗುರೀನ ಬಾಣ ಆಗಬೇಕು.”

ಅಂಥ ಯಂತ್ರವಿದ್ದದ್ದು ಪರದೇಶದಲ್ಲಿ. ವರ್ಷಗಟ್ಟಲೆ ಕಾದ ಮೇಲೆ ಪಾಳಿ ಸಿಕ್ಕಿತು, ಹೋದರು. ಯಂತ್ರ ಕೆಟ್ಟಿತು, ರಿಪೇರಿಯಾಗುವಷ್ಟರಲ್ಲಿ ಅವರ ಪಾಳಿ ಮುಗಿದಿತ್ತು. ಮರಳಿದ ದಿನ ಅವ್ವ ಉಪ್ಪಿಟ್ಟು ಒಯ್ದವಳು, “ಆ ಯಂತ್ರದ ಕಿರಣಾ ಮೈಗೆ ಹತ್ತಿರತಾವ” ಎಂದು ಹೊಸ್ತಿಲ ಹೊರಗೇ ಇಟ್ಟಳು.

“ಒಳಗ ಬರ್ರಿ ವೈನಿ, ಏನೂ ಹತ್ತಿಲ್ಲ,” ಎಂದರು ಮೇಡಂ. “ಹತ್ತಿದ್ರ ಛಲೋ ಇತ್ತು.”

ಅವ್ವ ಒಳಗೆ ಹೋಗಲಿಲ್ಲ. ಮೇಡಂ ಬಾಗಿಲಲ್ಲೇ ಕೂತು ತಿಂದರು.

ಎರಡನೇ ಪಾಳಿ ಪರೀಕ್ಷೆಯ ಹೊತ್ತಿಗೇ ಬಂತು. ಕಾಲೇಜು ರಜೆ ಕೊಡಲಿಲ್ಲ. ಅವರು ನೌಕರಿ ಬಿಟ್ಟರು. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದವನು ನಾನೊಬ್ಬನೇ.

“ಈ ಸಲಾನೂ ಸಿಗದಿದ್ರ, ಮೇಡಂ?”

“ನೌಕರೀನೂ ಇಲ್ಲ, ಸೋಡಿಯಮ್ಮೂ ಇಲ್ಲ!” ನಕ್ಕು ಬಸ್ಸು ಹತ್ತಿದರು. ಕಿಟಕಿಯಿಂದ ಹೇಳಿದರು: “ಸಿಕ್ರ ಮದಲ ನಿನಗ ಪತ್ರಾ ಬರೀತೇನಿ.”

ಸಿಗದಿದ್ದರೂ ಬರೆಯಿರಿ ಎನ್ನುವಷ್ಟರಲ್ಲಿ ಬಸ್ಸು ಹೊರಟಿತು. ಅದಾಗಿ ಎರಡು ಮುಂಗಾರು ಕಳೆದವು. ಪತ್ರ ಬಂದಿಲ್ಲ.