ನಾರಿನ ಮ್ಯಾಟು: ಸಿದ್ದಾಪುರದಿಂದ ಜೆ.ಪಿ. ನಗರಕ್ಕೆ

ಸುದ್ದಗುಂಟೆಪಾಳ್ಯದ ಮನೆಯಿಂದ ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಜನವರಿಯ ಒಂದು ಭಾನುವಾರ. ಬೀದಿದೀಪದ ಸುತ್ತ ಮಂಜು ಕವಿದಿತ್ತು. ಮೊದಲು ಸಿದ್ದಾಪುರಕ್ಕೆ, ಅಲ್ಲಿಂದ ಜೆ.ಪಿ. ನಗರದ ಕೊನೆಯ ಮೈದಾನಕ್ಕೆ ಹೋಗಬೇಕಿತ್ತು. ಎಲ್ಲ ಸೇರಿಸಿದರೆ ಹನ್ನೆರಡು ಕಿಲೋಮೀಟರು ಇದ್ದೀತು. ಕಾಶಿಗೆ ಹೋದವರು, ಹಿಮಾಲಯ ಹತ್ತಿದವರು ಪ್ರವಾಸ ಕಥನ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಲಗೇಜ್ ಆಟೋದ ಹಿಂದೆ, ಸುತ್ತಿಟ್ಟ ಕ್ರಿಕೆಟ್ ಮ್ಯಾಟಿನ ಮೇಲೆ ಕೂತು ಹೋದ ಪ್ರಯಾಣದ ಬಗ್ಗೆ. ಹುಬ್ಬಳ್ಳಿ, ಶಿವಮೊಗ್ಗಕ್ಕೆಲ್ಲ ಹೋಗಿ ಬೌಲ್ ಮಾಡಿ ಬಂದವನು ನಾನು. ಇಷ್ಟು ದೂರ ಎನ್ನಿಸಿದ್ದು ಇದೊಂದೇ ದಾರಿ.

"ಬಲಗೈಲಿ ಏನೂ ಎತ್ಬೇಡಿ," ಎಂದು ಹೆಂಡತಿ ಸುಮಾ ಬಾಗಿಲಲ್ಲಿ ಎರಡು ಸಲ ಹೇಳಿದಳು. ಹಿಂದಿನ ರಾತ್ರಿ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟವಳು ಅವಳೇ. ಆ ಭುಜದ ಮೇಲೆ ನಮ್ಮ ಸಂಸಾರ ನಿಂತಿತ್ತು.

ತೊಂಬತ್ತರ ದಶಕದ ನಡುಭಾಗ ಅದು. ನನಗೆ ಇಪ್ಪತ್ತೆಂಟು. ಒಂದು ಕಾರ್ಖಾನೆಯವರು ತಮ್ಮ ಟೀಮಿಗೆ ಬೌಲ್ ಮಾಡಲೆಂದೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಬೆಳಗ್ಗೆ ಸ್ಟೋರ್ಸಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸುವುದು, ಮಧ್ಯಾಹ್ನ ನೆಟ್ಸು. ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವ ಕರಾರು. ರಾಜ್ಯ ತಂಡದ ಸಂಭಾವ್ಯರ ಪಟ್ಟಿಗೆ ಸೇರಿದವರನ್ನು ಮಾತ್ರ ಕಾಯಂ ಮಾಡುತ್ತಿದ್ದರು. ಆ ಪಟ್ಟಿ ಅಂದು ಸಂಜೆ ಅಂತಿಮವಾಗುವುದಿತ್ತು. ಅದಕ್ಕೆ ಮುಂಚೆ ಆಯ್ಕೆಗಾರರೊಬ್ಬರು, ಒಂಬತ್ತೂವರೆಗೆ ಶುರುವಾಗುವ ನಮ್ಮ ಮ್ಯಾಚಿನ ಮೊದಲ ಒಂದು ಗಂಟೆ ನೋಡಿ, ಇನ್ನೊಂದು ಮೈದಾನಕ್ಕೆ ಹೋಗುತ್ತಾರೆಂದು ನಮ್ಮ ಕ್ಯಾಪ್ಟನ್ ಶ್ರೀಧರ ಹಿಂದಿನ ರಾತ್ರಿ ಪಕ್ಕದ ಮನೆಗೆ ಫೋನು ಮಾಡಿ ತಿಳಿಸಿದ. ಹೊಸ ಚೆಂಡು ನನ್ನದೇ. ಒಂದು ಗಂಟೆ ಸಾಕಿತ್ತು.

ಆದರೆ ಜೆ.ಪಿ. ನಗರದ ಮೈದಾನದಲ್ಲಿ ಹಾಸುತ್ತಿದ್ದುದು ಸೆಣಬಿನ ಮ್ಯಾಟು. ಅದರ ಮೇಲೆ ಚೆಂಡು ಜಾರಿಕೊಂಡು ನೇರವಾಗಿ ಹೋಗುತ್ತದೆ. ನಾನು ಕಟರ್ ಹಾಕುವವನು. ಬೆರಳಿನಿಂದ ಚೆಂಡಿನ ಹೊಲಿಗೆಯನ್ನು ಸವರಿ ಬಿಟ್ಟರೆ ನೆಲಕ್ಕೆ ಬಿದ್ದಮೇಲೆ ಅದು ಬ್ಯಾಟಿನಿಂದ ಆಚೆ ಹೊರಳಬೇಕು. ಹಾಗೆ ಹೊರಳಲು ತೆಂಗಿನ ನಾರಿನ ಒರಟು ಮ್ಯಾಟು ಬೇಕು. ಅಂಥದ್ದೊಂದು ಸಿದ್ದಾಪುರದಲ್ಲಿ, ನಾನು ಹುಡುಗನಾಗಿ ಆಡಿದ ಹಳೇ ಕ್ಲಬ್ಬಿನ ಶೆಡ್ಡಿನಲ್ಲಿತ್ತು. ಅದನ್ನು ತರಿಸೋಣ ಎಂದು ನಾನೇ ಶ್ರೀಧರನ ಬೆನ್ನು ಹತ್ತಿದೆ.

"ಆಯ್ತು ಗುರು, ನಾರಿಂದೇ ಹಾಸೋಣ. ಆದ್ರೆ ತರೋದು ನೀನೇ. ನಮ್ಹತ್ರ ಜನ ಇಲ್ಲ," ಎಂದ. ಯಾವ ಊರಿನಲ್ಲಾದರೂ ಬ್ಯಾಟ್ಸ್‌ಮನ್‌ಗೆ ಮ್ಯಾಟು ಹೊತ್ತು ತಾ ಎಂದು ಯಾರಾದರೂ ಹೇಳಿದ್ದಾರೆಯೇ? ಬೌಲರ್ ಎಂದರೆ ಎಲ್ಲರ ಕಣ್ಣಿಗೂ ಹಮಾಲಿಯೇ. ಓಡುವವನು ಅವನು, ಬೆವರುವವನು ಅವನು, ಮಧ್ಯಾಹ್ನದ ಊಟಕ್ಕೆ ಕೊನೆಗೆ ಬರುವವನೂ ಅವನೇ.

ಡೈರಿ ಸರ್ಕಲ್ಲಿನವರೆಗೆ ನಡೆದು ಬಸ್ಸು ಹಿಡಿದೆ. ಎರಡು ರೂಪಾಯಿ ಟಿಕೆಟ್ಟು. ಸಿದ್ದಾಪುರದಲ್ಲಿ ಶೆಡ್ಡಿನ ಬೀಗದ ಕೈ ಗೋಪಾಲಣ್ಣನ ಹತ್ತಿರ ಇರುತ್ತಿತ್ತು. ಕ್ಲಬ್ಬಿನ ಸಾಮಾನು ನೋಡಿಕೊಳ್ಳುತ್ತಿದ್ದ ಅವರು ಬೆಳಗಿನ ವಾಕಿಂಗಿಗೆ ಲಾಲ್‌ಬಾಗಿಗೆ ಹೋಗಿದ್ದರು. ಕಾದೆ. ನಾನು ಹುಟ್ಟಿದ್ದು ಅದೇ ಓಣಿಯಲ್ಲಿ. ನಮ್ಮಪ್ಪ ಲಾಲ್‌ಬಾಗಿನಲ್ಲಿ ಮಾಲಿ. ಕಾರ್ಕ್ ಬಾಲಿನಲ್ಲಿ ಗೋಡೆಗೆ ಬೌಲ್ ಮಾಡಿ ಮಾಡಿ ಎದುರುಮನೆಯವರಿಂದ ಉಗಿಸಿಕೊಂಡು ಕಲಿತ ವಿದ್ಯೆ ನನ್ನದು. ಗೋಡೆಯ ಗಾರೆ ಉದುರಿದ್ದ ಜಾಗ ಇನ್ನೂ ಹಾಗೇ ಇತ್ತು.

ಗೋಪಾಲಣ್ಣ ಬಂದಾಗ ಎಂಟು ಗಂಟೆ ದಾಟಿತ್ತು. ಮಂಕಿ ಟೋಪಿ ತೆಗೆಯದೆಯೇ ಕೇಳಿದರು:

"ಸಂಜೆ ವಾಪಸ್ ತರ್ತೀಯ ತಾನೆ?"

"ತರ್ತೀನಿ ಅಣ್ಣ."

"ಬರೀ ತಂದು ಬಿಸಾಕ್ಬೇಡ. ಬಿಚ್ಚಿ ತೋರಿಸ್ಬೇಕು. ಹರಿದಿರ್ಬಾರ್ದು, ಕಲೆ ಆಗಿರ್ಬಾರ್ದು. ಆಮೇಲೆ ಕಮಿಟಿಯವ್ರು ನನ್ ತಲೆ ತಿಂತಾರೆ."

ಒಪ್ಪಿಕೊಂಡೆ. ಮ್ಯಾಟು ಎರಡು ಸುರುಳಿಯಲ್ಲಿತ್ತು. ಒಂದೊಂದನ್ನೂ ಎತ್ತಲು ನಾಲ್ಕು ಜನ ಬೇಕು. ಬೀದಿಯ ಕೊನೆಯಲ್ಲಿ ಮುನಿರಾಜು ಎಂಬವನ ಲಗೇಜ್ ಆಟೋ ಸಿಕ್ಕಿತು. ಹೋಗಿ ಬರುವುದಕ್ಕೆ, ನಡುವೆ ಕಾಯುವುದಕ್ಕೆ ಸೇರಿಸಿ ನೂರೈವತ್ತು ಎಂದ. ಚೌಕಾಶಿಗೆ ಹೊತ್ತಿರಲಿಲ್ಲ. ಮೊದಲ ಸುರುಳಿಗೆ ಕೈ ಹಾಕಿದವನೇ, "ಏನ್ ಸಾರ್ ಇದು, ಹೆಣದ್ ಭಾರ ಐತೆ!" ಎಂದು ಹಿಂದೆ ಸರಿದ. ಪಕ್ಕದ ಸೌದೆ ಡಿಪೋದ ಇಬ್ಬರನ್ನು ಕರೆದು, ನಾನು ಎಡಗೈ ಕೊಟ್ಟು, ಹೇಗೋ ಏರಿಸಿದೆವು. ನಾರು ಮೆತ್ತಿಕೊಳ್ಳುತ್ತದೆಂದು ಬಿಳಿ ಬಟ್ಟೆಯನ್ನು ಚೀಲದಲ್ಲೇ ಇಟ್ಟು, ಹಳೇ ಪ್ಯಾಂಟು ಬನಿಯನ್ನಿನಲ್ಲಿ ಸುರುಳಿಯ ಮೇಲೆ ಹತ್ತಿ ಕೂತೆ.

ಅಶೋಕ ಪಿಲ್ಲರ್ ದಾಟಿ ಜಯನಗರಕ್ಕೆ ಬಂದೆವು. ಬಿಸಿಲು ಬಿದ್ದಿತ್ತು. ಮನೆಗಳ ಮುಂದೆ ರಂಗೋಲಿ ಆಗಿ, ಗೇಟಿಗೆ ಹಾಲಿನ ಚೀಲ ಸಿಕ್ಕಿಸಿ, ಜನ ಪೇಪರು ಓದುತ್ತಿದ್ದರು. ನಾಲ್ಕನೇ ಬ್ಲಾಕಿನ ಹತ್ತಿರ ಮುನಿರಾಜು ಗಾಡಿ ನಿಲ್ಲಿಸಿದ.

"ಖಾಲಿ ಹೊಟ್ಟೇಲಿ ನಾನು ಗಾಡಿ ಓಡ್ಸಲ್ಲ ಸಾರ್. ಎರಡೇ ಇಡ್ಲಿ."

"ಲೇಟಾಗುತ್ತೆ ಕಣಯ್ಯಾ."

"ಮ್ಯಾಟಿಲ್ದೆ ಅವ್ರು ಆಡ್ತಾರಾ? ಕಾಯ್ತಾರೆ ಬಿಡಿ."

ಮಾತು ಸರಿಯೆನ್ನಿಸಿತು. ಅವನು ಎರಡು ಇಡ್ಲಿ, ಒಂದು ವಡೆ, ಇನ್ನೊಂದು ವಡೆ, ಆಮೇಲೆ ಕಾಫಿ ಮುಗಿಸುವವರೆಗೆ ನಾನು ಫುಟ್‌ಪಾತಿನ ಚಮ್ಮಾರನ ಕಡೆ ನೋಡುತ್ತ ನಿಂತಿದ್ದೆ. ಎಂಟು ವರ್ಷದಿಂದ ನನ್ನ ಬಲಗಾಲಿನ ಬೂಟಿಗೆ ತೇಪೆ ಹಾಕುತ್ತಿದ್ದವನು ಅವನು. ಚೆಂಡು ಬಿಡುವಾಗ ಬಲಗಾಲಿನ ತುದಿ ನೆಲಕ್ಕೆ ಉಜ್ಜುತ್ತದೆ. ತಿಂಗಳಿಗೊಮ್ಮೆ ಹೆಬ್ಬೆರಳು ಹೊರಗೆ ಬರುತ್ತಿತ್ತು. "ಎಡಗಾಲಿಂದು ಹೊಸದಾಗೇ ಇದೆಯಲ್ಲ ಸಾರ್," ಎಂದು ಪ್ರತಿ ಸಲವೂ ನಗುತ್ತಿದ್ದ. ಕಾರ್ಖಾನೆಯವರು ವರ್ಷಕ್ಕೆ ಒಂದೇ ಜೊತೆ ಬೂಟು ಕೊಡುತ್ತಿದ್ದರು. ಬ್ಯಾಟ್ಸ್‌ಮನ್‌ಗೆ ಬ್ಯಾಟು ಮುರಿದರೆ ಮಾತ್ರ ಮರುದಿನವೇ ಇನ್ನೊಂದು ಬರುತ್ತಿತ್ತು. ಆ ಸಂಕಟ ಈಗಲೂ ಹೋಗಿಲ್ಲ.

ಒಂಬತ್ತನೇ ಬ್ಲಾಕು ದಾಟಿ ರಾಗಿಗುಡ್ಡದ ಬಳಿ ಏರು ಸಿಕ್ಕಿತು. ಅರ್ಧ ಏರಿದ ಆಟೋ ಕೆಮ್ಮಿ, ನಡುಗಿ, ನಿಂತೇ ಹೋಯಿತು. ಮುನಿರಾಜು ಎಂಜಿನ್ನಿಗೆ ಮುಖ ಹಾಕಿ, ಏನೇನೋ ತಿರುಗಿಸಿ, ಕೊನೆಗೆ ಹೇಳಿದ: "ತಳ್ಳಬೇಕು ಸಾರ್."

ಗುಡ್ಡದ ಆಂಜನೇಯನಿಗೆ ಬಂದ ಭಕ್ತರನ್ನು ಕರೆದೆ. ಒಬ್ಬರು ವಾಚು ನೋಡಿಕೊಂಡರು, ಇನ್ನೊಬ್ಬರು ಮಡಿಯಲ್ಲಿದ್ದೇನೆ ಎಂದರು. ಮೊದಲು ಎಡಗೈ ಕೊಟ್ಟೆ, ಗಾಡಿ ಅಲುಗಲಿಲ್ಲ. ಬೆನ್ನು ಕೊಟ್ಟೆ, ಅದೂ ಆಗಲಿಲ್ಲ. ಸುಮಾಳ ಮಾತು ನೆನಪಾಯಿತು. ಆಮೇಲೆ ಎರಡೂ ಕೈ ಊರಿ, ಬಲಭುಜ ಒತ್ತಿ ತಳ್ಳಿದೆ. ಮೇಲೆ ತಲುಪುವಾಗ ಕಣ್ಣಿಗೆ ಕತ್ತಲೆ ಬಂದಿತ್ತು. ಇಷ್ಟು ಕಷ್ಟಪಟ್ಟವನಿಗೆ ದೇವರು ಏಳೆಂಟು ವಿಕೆಟ್ಟಾದರೂ ಕೊಡದೆ ಇರುತ್ತಾನೆಯೇ ಎಂದು ಗುಡ್ಡದ ಕಡೆ ನೋಡಿ ಕೈ ಮುಗಿದೆ.

ಆಗ ಜೆ.ಪಿ. ನಗರದ ಆ ತುದಿಯಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಮೈದಾನದ ಗೇಟು ಕಂಡಾಗ ಹತ್ತೂಕಾಲು. ಗೇಟು ಕಿರಿದು, ಒಂದೇ ಗಾಡಿ ಹಿಡಿಸುವಷ್ಟು. ನಾವು ಒಳಗೆ ನುಗ್ಗುವ ಹೊತ್ತಿಗೆ ಎದುರಿನಿಂದ ಒಂದು ಬಿಳಿ ಕಾರು ಬಂತು. ಹಾರ್ನ್ ಆಯಿತು.

"ಯಾರೋ ದೊಡ್ಡೋರು ಸಾರ್, ಬಿಟ್ಬಿಡೋಣ," ಎಂದ ಮುನಿರಾಜು, ಆಟೋವನ್ನು ಹಿಂದಕ್ಕೆ ತೆಗೆದು ಕಾಂಪೌಂಡಿಗೆ ಒತ್ತಿ ನಿಲ್ಲಿಸಿದ.

ಕಾರು ನಿಧಾನವಾಗಿ ಪಕ್ಕದಲ್ಲಿ ಹಾದುಹೋಯಿತು. ಹಿಂದಿನ ಸೀಟಿನಲ್ಲಿದ್ದವರು ಕಿಟಕಿಯಿಂದ ಕೈ ಹೊರಗೆ ಚಾಚಿ, ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಎನ್ನುವಂತೆ ಒಮ್ಮೆ ಆಡಿಸಿದರು. ಪೇಪರಿನಲ್ಲಿ ಎಷ್ಟೋ ಸಲ ನೋಡಿದ ಮುಖ. ಬನಿಯನ್ ತುಂಬ ನಾರು ಮೆತ್ತಿಕೊಂಡು ಮ್ಯಾಟಿನ ಮೇಲೆ ಕೂತಿದ್ದ ನಾನೂ ಕೈ ಎತ್ತಿದೆ. ಅದೂ ಬಲಗೈಯನ್ನೇ. ಅವರು ಆಯ್ಕೆಗಾರರೆಂದು ಮನಸ್ಸಿಗೆ ಹೊಳೆದು ನಾನು ಕೆಳಗೆ ಧುಮುಕುವ ಹೊತ್ತಿಗೆ ಕಾರು ತಿರುವು ದಾಟಿ, ಧೂಳಷ್ಟೇ ಉಳಿದಿತ್ತು.

ಶ್ರೀಧರ ಓಡಿ ಬಂದ. ಕೊಟ್ಟ ಮಾತಿನಂತೆ ಸೆಣಬಿನ ಮ್ಯಾಟು ಹಾಸದೆ ನನಗಾಗಿ ಕಾದಿದ್ದನಂತೆ. ಬಂದ ಆಯ್ಕೆಗಾರರನ್ನು ಸುಮ್ಮನೆ ಕೂರಿಸುವುದು ಹೇಗೆಂದು, ಮೂಲೆಯ ಸಿಮೆಂಟಿನ ನೆಟ್ಸಿನಲ್ಲಿ ನಮ್ಮ ಇನ್ನೊಬ್ಬ ಬೌಲರ್ ನವೀನನಿಗೆ ಬೌಲ್ ಮಾಡಲು ಹೇಳಿದನಂತೆ. ನವೀನ ಇಂಜಿನಿಯರಿಂಗ್ ಓದುತ್ತಿದ್ದವನು, ಎತ್ತರದ ಆಳು, ಆಡುತ್ತಿದ್ದುದು ಶೋಕಿಗೆ. ಸಿಮೆಂಟಿನ ಮೇಲೆ ಅವನ ಚೆಂಡು ಬ್ಯಾಟ್ಸ್‌ಮನ್ನಿನ ಮೂಗಿನವರೆಗೆ ಎದ್ದಿತು. ಆಯ್ಕೆಗಾರರು ಅರ್ಧ ಗಂಟೆ ನೋಡಿ, ಹೆಸರು ಕೇಳಿ, ಬೆನ್ನು ತಟ್ಟಿ ಹೊರಟಿದ್ದರು.

"ನನ್ ವಿಷ್ಯ ಹೇಳ್ಲಿಲ್ವಾ?" ಎಂದೆ.

"ಹೇಳ್ದೆ ಗುರು. ಎಲ್ಲಿದ್ದಾರೆ ಅಂತ ಕೇಳಿದ್ರು. ಮ್ಯಾಟ್ ತರೋಕೆ ಹೋಗಿದ್ದಾನೆ ಅಂದೆ."

"ಅದಕ್ಕೇನಂದ್ರು?"

"ನಕ್ಬಿಟ್ರು."

ನವೀನ ಹತ್ತಿರ ಬಂದು, "ಸಾರಿ ಅಣ್ಣ," ಎಂದ. ಅವನದೇನೂ ತಪ್ಪಿರಲಿಲ್ಲ. ಆದರೂ ಅವನ ಮುಖಕ್ಕೆ ಹೊಡೆಯಬೇಕೆನ್ನಿಸಿತು. ಸುಳ್ಳೇಕೆ ಹೇಳಲಿ?

ಮ್ಯಾಟು ಬಿಚ್ಚಿ, ಎಳೆದು, ಸುತ್ತ ಮೊಳೆ ಹೊಡೆದು ಆಟ ಶುರುವಾದಾಗ ಹನ್ನೊಂದು. ಎದುರಾಳಿಗಳು ಬನಶಂಕರಿಯ ಒಂದು ಕ್ಲಬ್ಬು. ಭುಜ ಉರಿಯುತ್ತಿತ್ತು. ಮೊದಲ ಓವರ್ ಹೇಗೋ ಎಳೆದೆ. ಎರಡನೆಯದರಲ್ಲಿ ಚೆಂಡು ನಾರನ್ನು ಕಚ್ಚಿ ಹೊರಳಿತು. ಬ್ಯಾಟ್ಸ್‌ಮನ್ ಆಡಿದ ಜಾಗದಲ್ಲಿ ಚೆಂಡಿರಲಿಲ್ಲ. ಆಫ್ ಸ್ಟಂಪು ಬಿದ್ದಿತ್ತು. ಅಲ್ಲಿಂದ ಮುಂದೆ ನನಗೆ ನೋವು ತಿಳಿಯಲಿಲ್ಲ. ಬೇರೆ ಎಲ್ಲಿಗೂ ಎಸೆಯಲು ಬಾರದವನಂತೆ ಒಂದೇ ಜಾಗಕ್ಕೆ ಹಾಕುತ್ತ ಹೋದೆ. ಎಂಟು ವಿಕೆಟ್ಟು ಬಿದ್ದವು. ಅಷ್ಟು ಚೆನ್ನಾಗಿ ನಾನು ಹಿಂದೆ ಎಂದೂ ಹಾಕಿರಲಿಲ್ಲ, ಮುಂದೆಯೂ ಹಾಕಲಿಲ್ಲ. ನೋಡಲು ಬೇಲಿಯ ಬಳಿ ಮೇಯುತ್ತಿದ್ದ ಎರಡು ಎಮ್ಮೆ, ಬಾಡಿಗೆಗಾಗಿ ಕಾಯುತ್ತಿದ್ದ ಮುನಿರಾಜು.

"ಏನ್ ಬೌಲಿಂಗ್ ಗುರು! ಸಖತ್! ಅವ್ರು ಇರ್ಬೇಕಿತ್ತು ಇವತ್ತು," ಎಂದ ಶ್ರೀಧರ ಚಪ್ಪಾಳೆ ತಟ್ಟುತ್ತ.

ಸಂಜೆ ಐದಕ್ಕೆ ವಾಪಸ್ ಹೊರಟೆವು. ಭುಜ ಊದಿ ಕೈ ಮೇಲೇಳುತ್ತಿರಲಿಲ್ಲ. ಟೀಮಿನವರು ಸುರುಳಿ ಏರಿಸಿಕೊಟ್ಟು ನವೀನನ ಜೊತೆ ಪಾರ್ಟಿಗೆ ಹೋದರು. ಮುನಿರಾಜು ನನ್ನನ್ನು ಈ ಸಲ ಮುಂದೆ ತನ್ನ ಸೀಟಿನಲ್ಲೇ ಒತ್ತಿ ಕೂರಿಸಿಕೊಂಡ. ಸಾರಕ್ಕಿಯ ಬಳಿ ಕೇಳಿದ:

"ಅಲ್ಲಾ ಸಾರ್, ನೀವು ಓಡಿ ಬಂದಾಗೆಲ್ಲ ಅವ್ರು ಒಬ್ರಾದ್ಮೇಲೆ ಒಬ್ರು ಮುಖ ಸಪ್ಪಗೆ ಮಾಡ್ಕೊಂಡು ವಾಪಸ್ ಹೋಗ್ತಿದ್ರಲ್ಲ, ಏನಾದ್ರೂ ಗಲಾಟೆನಾ?"

"ಔಟಾದ್ರು."

"ಓ. ಅದು ಒಳ್ಳೇದಾ ಕೆಟ್ಟದ್ದಾ?"

ಒಳ್ಳೆಯದೇ ಎಂದೆ. ಅವನಿಗೆ ಸಮಾಧಾನವಾದಂತೆ ಕಂಡಿತು. ರಾಗಿಗುಡ್ಡದ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಗಾಡಿ ಬಿಟ್ಟ. ಬೆಳಗ್ಗೆ ನಾನು ಪ್ರಾಣ ಬಿಟ್ಟು ತಳ್ಳಿದ ದಾರಿ ಒಂದೇ ಗಳಿಗೆಯಲ್ಲಿ ಹಿಂದೆ ಹೋಯಿತು. ಆಂಜನೇಯನ ಕಡೆ ನಾನು ತಿರುಗಿ ನೋಡಲಿಲ್ಲ.

ಪಟ್ಟಿಯಲ್ಲಿ ನವೀನನ ಹೆಸರು ಬಂತು. ಅವನು ಮುಂದಿನ ವರ್ಷವೇ ಓದು ಮುಗಿಸಿ ಆಟ ಬಿಟ್ಟ. ನನ್ನ ಕರಾರನ್ನು ಕಾರ್ಖಾನೆಯವರು ಮುಂದುವರಿಸಲಿಲ್ಲ. ಭುಜ ಹೋಯಿತಂತೆ ಎಂದು ಯಾರೋ ಹೇಳಿದ್ದರು. ಹೇಳಿದವರ ಮಾತು ನಿಜವೇ ಆಗಿತ್ತು. ಈಗ ಬಿಟಿಎಂ ಲೇಔಟಿನ ಒಂದು ಕೊರಿಯರ್ ಆಫೀಸಿನಲ್ಲಿದ್ದೇನೆ. ಬಂಡಲು ಎತ್ತುವಾಗ ಈಗಲೂ ಎಡಗೈಯನ್ನೇ ಮುಂದೆ ಮಾಡುತ್ತೇನೆ. ಆ ಮೈದಾನದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಗೇಟು ಮಾತ್ರ ಅಗಲವಾಗಿದೆ.

ಅಂದು ಸಿದ್ದಾಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸೌದೆ ಡಿಪೋದವರ ಜೊತೆ ಸೇರಿ ಸುರುಳಿಗಳನ್ನು ಶೆಡ್ಡಿನ ಮುಂದೆ ಬಿಚ್ಚಿ ಹಾಸಿದೆವು. ಗೋಪಾಲಣ್ಣ ಕಣ್ಣು ಕಿರಿದು ಮಾಡಿ ನೋಡಿ, ಟಾರ್ಚು ತರಲು ಒಳಗೆ ಹೋದರು. ಆಗಲೇ ಮುನಿರಾಜು ಮ್ಯಾಟಿನ ಮೇಲೆ ಬಗ್ಗಿದ.

"ಸಾರ್, ಕೆಟ್ವಿ! ಇಲ್ನೋಡಿ, ಕಲೆ!"

ಅಂಗೈ ಅಗಲದ ಕೆಂಪು ಗುರುತು. ಹೊಸ ಚೆಂಡಿನ ಬಣ್ಣ. ನಾನು ಹಾಕಿದ್ದೆಲ್ಲ ಒಂದರ ಮೇಲೊಂದು ಅಲ್ಲೇ ಬಿದ್ದು ನಾರು ಕೆಂಪಾಗಿತ್ತು. ಮ್ಯಾಟಿನ ಉದ್ದಕ್ಕೂ ಬೇರೆಲ್ಲೂ ಅಷ್ಟು ಕೆಂಪಿರಲಿಲ್ಲ. ಅದನ್ನು ನೋಡುತ್ತ ನಿಂತೆ. ಆ ದಿನ ನಾನು ಏನು ಮಾಡಿದೆನೆಂಬುದು ಅಲ್ಲಿ ಅಚ್ಚಾಗಿತ್ತು.

ಮುನಿರಾಜು ಆಗಲೇ ಗಾಡಿಯಿಂದ ನೀರಿನ ಬಾಟಲಿ, ಬಟ್ಟೆ ತಂದು ಮಂಡಿಯೂರಿದ್ದ. "ನೀವ್ ಸುಮ್ನಿರಿ ಸಾರ್. ಬೆಳಗ್ಗಿಂದ ಸಾಕಷ್ಟು ಪಾಡು ಪಟ್ಟಿದ್ದೀರಿ. ಬೈಸ್ಕೊಳ್ಳೋದು ಬೇರೆ ಯಾಕೆ?" ಎಂದು ಉಜ್ಜತೊಡಗಿದ. ಬೇಡ ಎನ್ನಬಹುದಿತ್ತು. ಯಾಕೆ ಬೇಡ ಎಂದು ಅವನಿಗೆ ಹೇಳಿ ತಿಳಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕೆಂಪು ಮೊದಲು ಹರಡಿತು, ಆಮೇಲೆ ಮಂಕಾಯಿತು, ಆಮೇಲೆ ನಾರಿನ ಬಣ್ಣದಲ್ಲಿ ಸೇರಿಹೋಯಿತು.

ಗೋಪಾಲಣ್ಣ ಟಾರ್ಚು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬೆಳಕು ಹಾಯಿಸಿದರು. ಒದ್ದೆ ಜಾಗದ ಮೇಲೂ ಬೆಳಕು ಬಿದ್ದು ಮುಂದೆ ಹೋಯಿತು.

"ಸರಿ. ಏನೂ ಆಗಿಲ್ಲ," ಎಂದರು. "ಸುತ್ತಿ ಒಳಗಿಡು."